ಸಮುದ್ರಕ್ಕೆ ಸ್ವಂತ ಬಣ್ಣ ಇಲ್ವಂತೆ!

ದೊಡ್ಡ ಮಾವ: (ಫಾರ್ವರ್ಡ್) 🌊 ಸಮುದ್ರಕ್ಕೆ ತನ್ನದೆಂಬ ಬಣ್ಣವಿಲ್ಲ, ಆಕಾಶದ ನೀಲಿಯನ್ನೇ ಅದು ತೋರಿಸುತ್ತದೆ. ನೀವೂ ದೊಡ್ಡವರ ಸಂಗ ಮಾಡಿ. ಶುಭೋದಯ 🌹

ಲೀಲತ್ತೆ: 🙏🙏 ಎಷ್ಟ್ ಚಂದ ಬರ್ದಿದಾರೆ

ಸ್ವಾತಿ: ಗುಡ್ ಮಾರ್ನಿಂಗ್ ಮಾವ. ಆದ್ರೆ ಇದು ತಪ್ಪು, 1921ರಲ್ಲೇ ಸಿ.ವಿ. ರಾಮನ್ ತಪ್ಪು ಅಂತ ತೋರಿಸಿದಾರೆ

ದೊಡ್ಡ ಮಾವ: ರಾಮನ್ ಅವ್ರಿಗೆ ನೊಬೆಲ್ ಬಂದಿದ್ದು ಬೇರೆ ವಿಷಯಕ್ಕೆ ಮಗಾ

ಸ್ವಾತಿ: ಆ ದಾರಿ ಶುರುವಾಗಿದ್ದೇ ಇಲ್ಲಿಂದ. ಲಾರ್ಡ್ ರೇಲೀ ಅಂಥ ದೊಡ್ಡ ವಿಜ್ಞಾನಿನೂ ನಿಮ್ಮ ಫಾರ್ವರ್ಡ್ ಥರಾನೇ ಹೇಳಿದ್ರು, ರಾಮನ್ ಇಂಗ್ಲೆಂಡಿಂದ ವಾಪಸ್ ಬರ್ತಾ ನರ್ಕುಂಡಾ ಅನ್ನೋ ಹಡಗಲ್ಲಿ ನಿಕೋಲ್ ಪ್ರಿಸಂ ಅನ್ನೋ, ಬೆಳಕು ಸೋಸೋ ಹರಳು ಹಿಡ್ಕೊಂಡು ನೀರಿನ ಮೇಲಿಂದ ಚಿಮ್ಮೋ ಬೆಳಕನ್ನ ತಡೆದು ನೋಡಿದ್ರು, ಆಕಾಶದ ಬಿಂಬ ಹೋದ್ಮೇಲೆ ನೀಲಿನೂ ಹೋಗ್ಬೇಕಿತ್ತಲ್ಲ, ಹೋಗ್ಲಿಲ್ಲ, ಇನ್ನೂ ಗಾಢ ಆಯ್ತು. ಬಾಂಬೆ ಬಂದರಿಂದಲೇ ನೇಚರ್ ಪತ್ರಿಕೆಗೆ ಬರ್ದ್ರು. ಬೆಳಕು ಹೇಗೆ ಚದುರುತ್ತೆ ಅನ್ನೋದರ ಹಿಂದೆ ಬಿದ್ದು 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್

ಪ್ರಶಾಂತ: ಪ್ರಿಸಂ ಗಿಸಂ ಎಲ್ಲ ಯಾಕೆ ಮಾರಾಯ್ತಿ, ಆಷಾಢದಲ್ಲಿ ಗಂಗೊಳ್ಳಿ ಅಳಿವೆಗೆ ಬನ್ನಿ. ಮೇಲೆ ಮೋಡ ಬೂದಿ ಬಣ್ಣ, ಕೆಳಗೆ ಕಡಲು ಚಾ ಬಣ್ಣ, ಐದು ಹೊಳೆ ಮಣ್ಣು. ಮಳೆ ನಿಂತು ಬೋಟ್ ಹೊರಟ ಮೇಲೆ ನೋಡಿ, ದಡದ ಹತ್ರ ಕಲಸು ನೀರು, ಮತ್ತೆ ಹಸಿರು, ಇನ್ನೂ ಹೊರಗೆ ಹೋದ್ರೆ ಕಡು ನೀಲಿ. ಅಷ್ಟೂ ಹೊತ್ತು ಆಕಾಶ ಒಂದೇ ಅಲ್ದಾ 😄

ದೊಡ್ಡ ಮಾವ: ಹಾಗಾದ್ರೆ ಸಂಜೆ ಮರವಂತೆಯಲ್ಲಿ ಕಡಲು ಕೆಂಪಾಗೋದು? ಅದೂ ಹೊಳೆ ಮಣ್ಣಾ?

ಸ್ವಾತಿ: ಅದು ಪ್ರತಿಬಿಂಬಾನೇ, ಅಷ್ಟು ನೀವು ಹೇಳಿದ್ದು ಸರಿ. ನೇರ ಕೆಳಗೆ ನೋಡಿದ್ರೆ ನೂರರಲ್ಲಿ ಸುಮಾರು 2 ಪಾಲು ಬೆಳಕು ಮಾತ್ರ ಮೇಲಿಂದ ವಾಪಸ್ ಬರೋದು, ಓರೆಯಾಗಿ ನೋಡ್ತಾ ಹೋದ ಹಾಗೆ ಜಾಸ್ತಿ ಆಗುತ್ತೆ. ನಾವೆಲ್ಲ ದಡದಲ್ಲಿ ಕೂತು ಚುರುಮುರಿ ತಿಂತಾ ಓರೆಯಾಗಿ ನೋಡೋರು, ಕವಿತೆ ಬರೆಯೋರೂ ಬಹುಪಾಲು ಅಷ್ಟೇ, ಅದಕ್ಕೇ ಈ ಕಥೆ ನಮಗೆ ಸಲೀಸಾಗಿ ಒಪ್ಪಿಗೆ ಆಗೋದು. ಇನ್ನೊಂದು, ನೀರೇ ಬೆಳಕನ್ನ ಚದುರಿಸಿ ನೀಲಿ ಕಾಣುತ್ತೆ ಅಂತ ರಾಮನ್ ಹೇಳಿದ್ದೂ ಪೂರ್ತಿ ಅಲ್ಲ, ನೀರು ಕೆಂಪು ಬೆಳಕನ್ನ ಹೀರಿಕೊಳ್ಳುತ್ತೆ, ಅದೇ ಮುಖ್ಯ ಕಾರಣ

ಲೀಲತ್ತೆ: ಮತ್ತೆ ನಮ್ಮ ಬಕೆಟ್ ನೀರು ಯಾಕೆ ನೀಲಿ ಇಲ್ಲ??

ಸ್ವಾತಿ: ಒಂದು ಬಕೆಟ್ ಸಾಲಲ್ಲ ಅತ್ತೆ, ಬೆಳಕು ಮೀಟರ್‌ಗಟ್ಟಲೆ ನೀರು ದಾಟ್ಬೇಕು. 20 ಮೀಟರ್ ಆಳದಲ್ಲಿ ನಿಮ್ಮ ಕೆಂಪು ಸೀರೆ ಕಪ್ಪಗೆ ಕಾಣುತ್ತೆ

ಲೀಲತ್ತೆ: ರೇಷ್ಮೆ ಸೀರೆ ಉಟ್ಕೊಂಡು ನಾನ್ಯಾಕೆ ಅಲ್ಲಿಗಿಳೀಲಿ 😂 ಪ್ರಶಾಂತಾ ಬಂಗುಡೆ ಬಂದಿದ್ಯಾ ಇವತ್ತು

ದೊಡ್ಡ ಮಾವ: ವಿಜ್ಞಾನ ಇರ್ಲಿ. ಅದರಲ್ಲಿರೋ ತತ್ವ ನೋಡ್ಬೇಕು. ಎಲ್ಲದಕ್ಕೂ ಲ್ಯಾಬ್ ಟೆಸ್ಟ್ ಮಾಡ್ತಾ ಕೂತ್ರೆ ಸಾಹಿತ್ಯ ಉಳಿಯುತ್ತಾ?

ಸ್ವಾತಿ: ತತ್ವಾನೇ ನಂಗೆ ಹಿಡಿಸಿಲ್ಲ ಮಾವ. ಅಷ್ಟು ದೊಡ್ಡ ಕಡಲನ್ನ ಯಾರದೋ ಬಣ್ಣ ಸಾಲ ತಗೊಂಡು ಮೆರೀತಿದೆ ಅಂತ ಬರ್ದು, ಅದನ್ನೇ ನೀತಿ ಮಾಡಿ ಬೆಳಗ್ಗೆ ಬೆಳಗ್ಗೆ ಹಂಚೋದಾ? ಕವಿತೆ ಬೇಕಿದ್ರೆ ಪ್ರಶಾಂತ ಹೇಳಿದ ಮೂರು ಬಣ್ಣ ಸಾಕು. ನಿಮ್ಮ ಹತ್ರ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ಯಲ್ಲ, ಭಾನುವಾರ ಬೀಚಲ್ಲಿ ಹಾಕ್ಕೊಂಡು ತಲೆ ಆಚೆ ಈಚೆ ವಾಲಿಸಿ ನೋಡಿ, ರಾಮನ್ ಪ್ರಿಸಂ ಮಾಡಿದ್ದೂ ಅದೇ ಕೆಲ್ಸ

ದೊಡ್ಡ ಮಾವ: ನೋಡ್ತೇನೆ. ಆದ್ರೆ ಮೆಸೇಜ್ ಡಿಲೀಟ್ ಮಾಡಲ್ಲ, ರಿಟೈರ್ಡ್ ಟೀಚರ್ಸ್ ಗ್ರೂಪಲ್ಲಿ ಎಲ್ರೂ ಮೆಚ್ಚಿದಾರೆ

ಪ್ರಶಾಂತ: ಅತ್ತೆ ಬಂಗುಡೆ ಇಲ್ಲ, ಬೂತಾಯಿ ಉಂಟು