ಬೆಳಗಾವಿಯಲ್ಲಿ ಮಳೆಗಾಲಕ್ಕೆ ಕಾಯದೆ ಎಲ್ಲಿಗೆಲ್ಲ ಹೋಗಬಹುದು?

ಹನುಮಾನ ನಗರದಿಂದ ಕೇಳಿದ್ದು

ನಾವು ಮೈಸೂರಿನ ಕಡೆಯವರು. ಮನೆಯವರಿಗೆ ವರ್ಗವಾಗಿ ದೀಪಾವಳಿ ಆದಮೇಲೆ ಬೆಳಗಾವಿಗೆ ಬಂದೆವು. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಅತ್ತೆಯವರಿಗೆ ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಹತ್ತೋಕೆ ಆಗಲ್ಲ. ಯಾರನ್ನು ಕೇಳಿದರೂ "ಮಳೆಗಾಲ ಬರಲಿ, ಆಗ ನೋಡಿ ಬೆಳಗಾವಿ" ಅಂತಾರೆ. ಜುಲೈ ಬಂದರೆ ಮಕ್ಕಳಿಗೆ ಸ್ಕೂಲು, ಟ್ಯೂಷನ್ನು. ನಮಗೆ ಬಿಡುವು ಸಿಗೋದು ಈಗಲೇ, ಶಿವರಾತ್ರಿಯಿಂದ ಏಪ್ರಿಲ್ ಕೊನೆಯವರೆಗೆ. ಈ ದಿನಗಳಲ್ಲಿ ಊರೊಳಗೆ, ಊರ ಸುತ್ತ ಏನು ಮಾಡಬಹುದು? ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗಿ ಖುಷಿಪಟ್ಟ ಜಾಗ ಹೇಳಿದರೆ ಉಪಕಾರ ಆಗುತ್ತೆ.

ಶಹಾಪುರದಿಂದ

ಅಕ್ಕಾ, ಮೊದಲು ಹೋಳಿ. ನಮ್ಮ ಊರಲ್ಲಿ ಬಣ್ಣದಾಟ ಎರಡು ಸಲ ಬರುತ್ತೆ. ಹುಣ್ಣಿಮೆಯ ಮಾರನೇ ದಿನ ಹಳೇ ಬೆಳಗಾವಿಯ ಗಲ್ಲಿಗಳಲ್ಲಿ, ಕ್ಯಾಂಪಿನಲ್ಲಿ, ಟಿಳಕವಾಡಿಯಲ್ಲಿ. ನಮ್ಮ ಶಹಾಪುರ, ವಡಗಾವಿ, ಖಾಸಬಾಗದಲ್ಲಿ ಆಟ ಐದನೇ ದಿನ, ರಂಗಪಂಚಮಿಗೆ. ಶಹಾಪುರ ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಆಗಿನ ರೂಢಿ ಹಾಗೇ ನಡೆದು ಬಂದಿದೆ. ಒಂದು ದಿನ ತಪ್ಪಿದರೆ ಇನ್ನೊಂದು ದಿನ ಇದ್ದೇ ಇದೆ ಅನ್ನೋದು ಹೊಸಬರಿಗೆ ಒಳ್ಳೆಯದೇ ಅಲ್ವಾ.

ಮೊದಲ ದಿನ ಬೆಳಿಗ್ಗೆ ಪಾಂಗುಳ ಗಲ್ಲಿಗೆ ಹೋಗಿ. ಅಲ್ಲಿ ಅಶ್ವತ್ಥಾಮನ ಗುಡಿ ಇದೆ. ಹೋಳಿಯ ದಿನ ಹರಕೆ ಹೊತ್ತವರು ಆ ಗಲ್ಲಿಯ ಉದ್ದಕ್ಕೂ ಬಣ್ಣದ ನೀರಲ್ಲೇ ಉರುಳುತ್ತಾರೆ. ಲೋಟಾಂಗಣ ಅಂತ ಕರೀತಾರೆ. ಮೇಲಿನಿಂದ ಜನ ಕೊಡಗಟ್ಟಲೆ ನೀರು ಹೊಯ್ಯುತ್ತಾರೆ, ಕೆಳಗೆ ಮಣ್ಣು, ಗುಲಾಲು, ನೀರು ಎಲ್ಲ ಕಲೆತು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿರುತ್ತೆ. ಮೈಮೇಲಿನ ರೋಗರುಜಿನ ಹೋಗುತ್ತೆ ಅನ್ನೋ ನಂಬಿಕೆ. ಚಿಕ್ಕ ಮಗನನ್ನು ಗುಂಪಿನ ನಡುವೆ ಬಿಡಬೇಡಿ, ಗಲ್ಲಿಯ ತುದಿಯಲ್ಲಿ ಯಾರದಾದರೂ ಕಟ್ಟೆ ಮೇಲೆ ನಿಲ್ಲಿಸಿ. ನಮ್ಮ ಜನ ಕಟ್ಟೆಗೆ ಕರೆಯದೇ ಇರಲ್ಲ. ಹೊರಡುವಾಗ ತಲೆಗೆ, ಮುಖಕ್ಕೆ, ಕಿವಿಯ ಹಿಂದೆ ಕೊಬ್ಬರಿ ಎಣ್ಣೆ ಚೆನ್ನಾಗಿ ಹಚ್ಚಿಕೊಳ್ಳಿ.

ಬಾಗಲಕೋಟೆಯಿಂದ

ಹೋಳಿ ಮಾತು ಬಂತು ಅಂದಮೇಲೆ ನಾವು ಸುಮ್ನಿರೋದು ಹೇಗೆ? ಬೆಳಗಾವಿಯದು ಚೆಂದವೇ, ಇಲ್ಲ ಅನ್ನಲ್ಲ. ಆದರೆ ಒಂದು ವರ್ಷ ಬಾಗಲಕೋಟೆಗೆ ಬನ್ನಿ. ಇಲ್ಲಿ ಹೋಳಿ ಒಂದು ದಿನಕ್ಕೆ ಮುಗಿಯಲ್ಲ, ಪೇಟೆ ಪೇಟೆಗೂ ಸರದಿ ಇದೆ. ಬ್ಯಾರಲ್ಲು ತುಂಬಿದ ಬಣ್ಣದ ಬಂಡಿಗಳು ಎದುರುಬದುರು ನಿಂತರೆ ಮುಂದೆ ಆಗೋದನ್ನು ಬರೆದು ತಿಳಿಸೋಕಾಗಲ್ಲ. ಬಣ್ಣಕ್ಕಿಂತ ಮುಂಚೆ ರಾತ್ರಿ ಹಲಗೆ ಮಜಲು ಕೇಳಬೇಕು. ಚಿಕ್ಕ ಹುಡುಗರಿಂದ ಮುದುಕರವರೆಗೆ ಸಾಲಾಗಿ ನಿಂತು ಹಲಗೆ ಬಾರಿಸುತ್ತಾರೆ, ಎದೆಯೊಳಗೆ ಬಡಿದ ಹಾಗಾಗುತ್ತೆ. ನಿಮ್ಮ ಮಗಳಿಗೆ ಖಂಡಿತ ಹಿಡಿಸುತ್ತೆ.

ಗೋಕಾಕದಿಂದ

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಮಾರ್ಚಿನಲ್ಲಿ ಗೋಕಾಕ ಫಾಲ್ಸ್ ನೋಡೋಕೆ ಅಂತಲೇ ಬರಬೇಡಿ. 52 ಮೀಟರ್ ಎತ್ತರದಿಂದ ಘಟಪ್ರಭೆ ಬೀಳೋ ಸದ್ದು ಕೇಳಬೇಕಾದರೆ ಜುಲೈ-ಆಗಸ್ಟೇ ಬೇಕು. ಈಗ ಬಂಡೆ ಕಾಣುತ್ತೆ, ನೀರು ಎಳೆ ಎಳೆಯಾಗಿ ಇಳೀತಿರುತ್ತೆ. ಆ ದಂಡೆಯ ಹಳೇ ಗುಡಿ ಇಷ್ಟ ಇದ್ದರೆ ಬನ್ನಿ, ಹೋಗ್ತಾ ಕರದಂಟು ಒಯ್ಯಿರಿ. ಗೊಡಚಿನಮಲ್ಕಿ ಫಾಲ್ಸಿನದೂ ಇದೇ ಕಥೆ.

ಖಾನಾಪುರದಿಂದ

ಮಳೆಗಾಲದ ಪಟ್ಟಿ ಹಿಡಿದು ಬೇಸಿಗೆಯಲ್ಲಿ ತಿರುಗಿದರೆ ಯಾರಿಗೂ ಸಮಾಧಾನ ಆಗಲ್ಲ. ಈ ಎರಡು-ಮೂರು ತಿಂಗಳಿಗೆ ಬೇರೆಯದೇ ಪಟ್ಟಿ ಇದೆ, ಬೇರೆಯದೇ ವೇಳೆ ಇದೆ. ಬೆಳಿಗ್ಗೆ ಆರಕ್ಕೆ ಮನೆ ಬಿಡಬೇಕು, ಹನ್ನೊಂದಕ್ಕೆ ನೆರಳು ಸೇರಬೇಕು. ಇದನ್ನು ಪಾಲಿಸಿದರೆ ಬೆಳಗಾವಿ ಸೀಮೆ ಮಳೆಗಾಲಕ್ಕಿಂತ ಈಗಲೇ ಹೆಚ್ಚು ಚೆಂದ ಅಂತ ನನಗನಿಸುತ್ತೆ. ಮಳೆಯಲ್ಲಿ ಎಲ್ಲ ಒಂದೇ ಹಸಿರು. ಈಗ ಒಂದೊಂದು ಮರ ಬೇರೆ ಬೇರೆಯಾಗಿ ಕಾಣುತ್ತೆ.

ಫೆಬ್ರವರಿ ಕೊನೆಗೆ ನಮ್ಮ ಕಡೆ ಕಾಡಿನ ಅಂಚಿನಲ್ಲಿ ಮುತ್ತಲ ಮರ ಅರಳುತ್ತೆ, ನಿಮ್ಮ ಕಡೆಯ ಮುತ್ತುಗ. ಎಲೆಯೆಲ್ಲ ಉದುರಿ ಬೋಳಾದ ಕೊಂಬೆಗೆ ತುದಿಯಿಂದ ಬುಡದವರೆಗೆ ಕೇಸರಿ ಹೂವು. ಹೂವನ್ನು ಕೈಯಲ್ಲಿ ಹಿಡಿದು ನೋಡಿ: ಬುಡದಲ್ಲಿ ಕಪ್ಪು ಮಖಮಲ್ಲಿನಂಥ ತೊಟ್ಟು, ಮುಂದೆ ಗಿಳಿಯ ಕೊಕ್ಕಿನ ಹಾಗೆ ಬಾಗಿದ ದಳ. ಬೆಳಿಗ್ಗೆ ಹೊತ್ತು ಮರದ ತುಂಬ ಗೊರವಂಕ, ಸೂರಕ್ಕಿ. ಮರದಡಿ ಉದುರಿದ ಹೂವನ್ನೇ ಮಕ್ಕಳು ಒಂದು ಚೀಲ ಆರಿಸಲಿ, ಕೊಂಬೆ ಮುರಿಯಬೇಡಿ. ರಾತ್ರಿ ಬಿಸಿನೀರಲ್ಲಿ ನೆನೆಹಾಕಿ ಬೆಳಿಗ್ಗೆ ಸೋಸಿದರೆ ಹೋಳಿಗೆ ಅರಿಶಿನ-ಕೇಸರಿ ಬಣ್ಣದ ಓಕುಳಿ ಸಿದ್ಧ. ಪುಡಿ ಬಣ್ಣದ ಚಿಂತೆಯೇ ಇರಲ್ಲ.

ಆ ದಾರಿಯಲ್ಲೇ ಹಲಸಿ. ಬನವಾಸಿ ಕದಂಬರಿಗೆ ಎರಡನೇ ರಾಜಧಾನಿಯಾಗಿದ್ದ ಊರು, ಈಗ ಸಣ್ಣ ಹಳ್ಳಿ. ಅಲ್ಲಿನ ಭೂವರಾಹ ನರಸಿಂಹ ಗುಡಿ ಗೋವೆಯ ಕದಂಬರ ಕಾಲದ್ದು, 12ನೇ ಶತಮಾನದ್ದು. ಎರಡು ಗರ್ಭಗುಡಿ ಒಂದಕ್ಕೊಂದು ಮುಖ ಮಾಡಿ ನಿಂತಿವೆ. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ನಡುವಿನ ಮಂಟಪದ ಕಲ್ಲು ಹೊರಗೆ ಬಿಸಿಲೇರಿದರೂ ತಣ್ಣಗಿರುತ್ತೆ, ನಿಮ್ಮ ಅತ್ತೆಯವರು ಅಲ್ಲಿ ಕೂತು ವಿಶ್ರಾಂತಿ ತಗೋಬಹುದು. ಹತ್ತಿರದಲ್ಲೇ ನಂದಗಡ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಸಮಾಧಿಯ ಹತ್ತಿರ ದೊಡ್ಡ ಆಲದ ಮರ ಇದೆ, ಮಕ್ಕಳ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಎಂಟನೇ ಕ್ಲಾಸಿನ ಮಗಳಿಗೆ ಅದನ್ನು ತೋರಿಸಲೇಬೇಕು. ಪುಸ್ತಕದಲ್ಲಿ ಓದೋದೇ ಬೇರೆ, ಆ ಮರದ ಕೆಳಗೆ ನಿಲ್ಲೋದೇ ಬೇರೆ.

ವಾಪಸ್ ಬರುವಾಗ ಖಾನಾಪುರದಲ್ಲಿ ಬೇಸಿಗೆಗೆ ಒಂದು ಮಣ್ಣಿನ ಹರವಿ ಕೊಳ್ಳಿ. ನಮ್ಮೂರಿನ ಮಣ್ಣು ಮಡಕೆಗೆ, ಹೆಂಚಿಗೆ ಹೆಸರುವಾಸಿ, ಕುಂಬಾರಿಕೆ ಕಲಿಸೋ ಕೇಂದ್ರವೇ ಇಲ್ಲಿದೆ. ಕೊಳ್ಳುವಾಗ ಬೆರಳ ಗಣ್ಣಿನಿಂದ ಬಡಿದು ನೋಡಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ.

ಟಿಳಕವಾಡಿಯಿಂದ

ಎಲ್ಲರೂ ದೂರದ್ದೇ ಹೇಳ್ತಿದಾರೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ ಇದ್ದರೆ ಕೋಟೆಗೆ ಹೋಗಿ. ಕಮಲ ಬಸದಿ 1204ರದು, ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಒಳಗೆ ಹೋಗಿ ತಲೆ ಎತ್ತಿ ನೋಡಿ. ಚಾವಣಿಯಿಂದ ಕಲ್ಲಿನ ಕಮಲ ಕೆಳಮುಖವಾಗಿ ಇಳಿದಿದೆ, 72 ದಳ. ಹಿಂದಿನ, ಈಗಿನ, ಮುಂದಿನ ಕಾಲದ ತಲಾ 24 ತೀರ್ಥಂಕರರಿಗೆ ಒಂದೊಂದು. ಮಗನಿಗೆ ಎಣಿಸೋಕೆ ಹೇಳಿ, ಸುಮಾರು ಹೊತ್ತು ಕಳೆಯುತ್ತೆ. ಮೆಟ್ಟಿಲಿನ ಕಷ್ಟ ಹೆಚ್ಚಿಲ್ಲ. ಆಮೇಲೆ ಕೋಟೆ ಕೆರೆಯ ದಂಡೆ.

ವ್ಯಾಕ್ಸಿನ್ ಡಿಪೊ ನಮ್ಮ ಬೆಳಗಿನ ವಾಕಿಂಗ್ ಜಾಗ. ದೊಡ್ಡ ದೊಡ್ಡ ಮರ, ಮಣ್ಣಿನ ದಾರಿ, ತುಂಬ ಹಕ್ಕಿ. ಅಲ್ಲಿಂದ ಹತ್ತಿರವೇ ವೀರಸೌಧ, 1924ರ ಕಾಂಗ್ರೆಸ್ ಅಧಿವೇಶನದ ನೆನಪಿಗೆ ಕಟ್ಟಿದ್ದು. ಗಾಂಧೀಜಿ ಅಧ್ಯಕ್ಷರಾಗಿದ್ದದ್ದು ಆ ಒಂದೇ ಅಧಿವೇಶನಕ್ಕೆ. ಆಗ ಬಂದ ಜನಕ್ಕೆ ನೀರಿಗಾಗಿ ತೋಡಿದ ಬಾವಿ, ಕಾಂಗ್ರೆಸ್ ಬಾವಿ, ಇವತ್ತಿಗೂ ಇದೆ.

ಸಂಜೆಗಾದರೆ ರಾಜಹಂಸಗಡ. ಯಳ್ಳೂರು ದಾಟಿ ಗುಡ್ಡದ ಮೇಲಿನವರೆಗೆ ಗಾಡಿ ಹೋಗುತ್ತೆ, ಅತ್ತೆಯವರಿಗೂ ಸಲೀಸು. ಬಿಸಿಲು ತಗ್ಗಿದ ಮೇಲೆ ಹೋಗಿ, ಮೇಲೆ ನೆರಳು ಕಡಿಮೆ. ಒಳಗೆ ಸಿದ್ಧೇಶ್ವರನ ಗುಡಿ. ಗೋಡೆಯ ಮೇಲಿನಿಂದ ನೋಡಿದರೆ ಸುತ್ತಲ ಹೊಲ, ದೂರದಲ್ಲಿ ಊರು. ಏಪ್ರಿಲಿನಲ್ಲಿ ಮಧ್ಯಾಹ್ನವೇ ಮೋಡ ಕಟ್ಟಿದ್ದರೆ ಮಾತ್ರ ಅವತ್ತು ಬೇಡ. ಅಡ್ಡಮಳೆ ಬಂದರೆ ಗುಡುಗು-ಸಿಡಿಲು ಜೋರು, ಆಲಿಕಲ್ಲೂ ಬೀಳುತ್ತೆ, ಬಯಲು ಗುಡ್ಡದ ಮೇಲೆ ಇರಬಾರದು.

ಘಟಪ್ರಭಾದಿಂದ

ಹಕ್ಕಿ ನೋಡೋ ಆಸೆ ಇದ್ದರೆ ತಡ ಮಾಡಬೇಡಿ. ಧೂಪದಾಳದ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ದೂರದೇಶದಿಂದ ಡೆಮೊಸೆಲ್ ಕ್ರೇನ್ ಬರುತ್ತವೆ, ಬಿಸಿಲೇರಿದ ಹಾಗೆ ಹೊರಟುಬಿಡುತ್ತವೆ. ಶಿವರಾತ್ರಿ ಹೊತ್ತಿಗೆ ಬಂದರೆ ಒಳ್ಳೆಯದು. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ರೈಲಿನಲ್ಲೇ ಬರಬಹುದು, ಘಟಪ್ರಭಾ ಸ್ಟೇಷನ್ನಿನಿಂದ ಹತ್ತಿರ.

ಇನ್ನೊಂದು, ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ. ನೀರು ತೀರಾ ಇಳಿದ ವರ್ಷ ಬೇಸಿಗೆಯಲ್ಲಿ ಗುಡಿ ಮೇಲೆ ಬರುತ್ತೆ, ಜನ ನಡೆದುಕೊಂಡೇ ಹೋಗಿ ದರ್ಶನ ಮಾಡ್ತಾರೆ. ಪ್ರತಿ ವರ್ಷ ಹೀಗೇ ಅಂತ ಹೇಳೋಕಾಗಲ್ಲ, ಆ ಕಡೆಯವರನ್ನು ವಿಚಾರಿಸಿ ಹೊರಡಿ. ಕೆಸರು ಒಣಗಿದಂತೆ ಕಂಡರೂ ಕಾಲು ಹೂತುಹೋಗುತ್ತೆ, ಜನ ತುಳಿದ ದಾರಿ ಬಿಟ್ಟು ಮಕ್ಕಳನ್ನು ಬಿಡಬೇಡಿ.

ಅಥಣಿಯಿಂದ

ನಮ್ಮ ಕಡೆ ಯಾರೂ ಪ್ರವಾಸ ಅಂತ ಬರಲ್ಲ. ಆದರೆ ಮಾರ್ಚಿನಲ್ಲಿ ಬಂದರೆ ಒಂದು ಕೆಲಸ ನೋಡಬಹುದು, ಒಣದ್ರಾಕ್ಷಿ. ಅಥಣಿಯಿಂದ ತಿಕೋಟಾ, ವಿಜಯಪುರದವರೆಗೆ ಹೊಲಗಳಲ್ಲಿ ಶೆಡ್ಡುಗಳು ಕಾಣುತ್ತವೆ. ಕೊಯ್ದ ಗೊನೆಯನ್ನು ಪೊಟ್ಯಾಷಿಯಂ ಕಾರ್ಬೊನೇಟು, ಡಿಪ್ಪಿಂಗ್ ಎಣ್ಣೆ ಕಲಸಿದ ನೀರಲ್ಲಿ ಅದ್ದಿ ತೆಗೀತಾರೆ. ಅದರಿಂದ ಸಿಪ್ಪೆಯ ಮೇಲಿನ ಮೇಣದ ಪದರ ಬಿಟ್ಟು ಹಣ್ಣು ಬೇಗ ಒಣಗುತ್ತೆ. ಆಮೇಲೆ ಅಟ್ಟ ಅಟ್ಟವಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಬಿಸಿಲಿಗಲ್ಲ, ನೆರಳಿಗೆ. ಹಾಗಾದರೇ ಹಸಿರು ಬಣ್ಣ ಉಳಿಯೋದು. ಎರಡು-ಮೂರು ವಾರಕ್ಕೆ ಒಣಗುತ್ತೆ. ಅಷ್ಟರಲ್ಲಿ ಒಂದು ಅಡ್ಡಮಳೆ ಬಿದ್ದರೆ ರೈತನ ವರ್ಷದ ದುಡಿಮೆಗೇ ಪೆಟ್ಟು, ಅದಕ್ಕೇ ಆ ದಿನಗಳಲ್ಲಿ ಎಲ್ಲರ ಕಣ್ಣು ಮೋಡದ ಮೇಲೆ. ಮಾಲೀಕರನ್ನು ಕೇಳಿ ಒಳಗೆ ಹೋಗಿ, ಬೇಡ ಅನ್ನಲ್ಲ. ಅಲ್ಲೇ ಕೊಂಡರೆ ರೈತನಿಗೂ ಒಳ್ಳೆಯದು. ಬೆಳಗಾವಿಯಿಂದ ದೂರ ಇದೆ, ಬೆಳಿಗ್ಗೆ ಬೇಗ ಬಿಡಿ. ವಾಪಸ್ ಹೋಗ್ತಾ ಅಥಣಿಯಲ್ಲಿ ಕೈಯಿಂದ ಹೊಲಿದ ಚರ್ಮದ ಚಪ್ಪಲಿ ನೋಡಿ.

ಹನುಮಾನ ನಗರದಿಂದ

ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ, ತುಂಬ ಥ್ಯಾಂಕ್ಸ್. ಎರಡು ಪ್ರಶ್ನೆ. ಅತ್ತೆಯವರಿಗೆ ಸವದತ್ತಿ ಯಲ್ಲಮ್ಮನ ದರ್ಶನ ಮಾಡೋ ಆಸೆ, ಈ ದಿನಗಳಲ್ಲಿ ಆಗುತ್ತಾ? ಏಪ್ರಿಲ್ ರಜೆಯಲ್ಲಿ ಮಕ್ಕಳಿಗೆ ಕಾಡು ತೋರಿಸಬೇಕು ಅಂದರೆ ಎಲ್ಲಿಗೆ?

ಸವದತ್ತಿಯಿಂದ

ತಾಯಿಯವರಿಗೆ ನೆಮ್ಮದಿಯ ದರ್ಶನ ಬೇಕು ಅಂದರೆ ಹುಣ್ಣಿಮೆ, ಮಂಗಳವಾರ, ಶುಕ್ರವಾರ ಬಿಟ್ಟು ಬನ್ನಿ. ಮಾಘದ ಭಾರತ ಹುಣ್ಣಿಮೆಗಂತೂ ಬೇಡವೇ ಬೇಡ, ಗುಡ್ಡದ ತುಂಬ ಚಕ್ಕಡಿ, ಜನ. ಆದರೆ ಮಕ್ಕಳಿಗೆ ಜಾತ್ರೆ ತೋರಿಸಬೇಕು ಅಂದರೆ ಚೈತ್ರದ ದವನದ ಹುಣ್ಣಿಮೆ ಇದೆ. ದವನದ ಕಟ್ಟು ಹಿಡಿದು ಜನ "ಉಧೋ ಉಧೋ" ಅಂತ ಹತ್ತುತ್ತಾರೆ, ಭಂಡಾರಕ್ಕೆ, ಅಂದರೆ ಅರಿಶಿನದ ಪುಡಿಗೆ, ಗುಡ್ಡವೆಲ್ಲ ಹಳದಿ, ಗಾಳಿಯಲ್ಲಿ ದವನದ ಘಮ. ಅವತ್ತು ಅವರಿಬ್ಬರನ್ನು ಅಪ್ಪನ ಜೊತೆ ಕಳಿಸಿ, ತಾಯಿಯವರನ್ನು ಇನ್ನೊಂದು ದಿನ ಕರೆತನ್ನಿ. ಆ ದಿನ ನವಿಲುತೀರ್ಥಕ್ಕೂ ಹೋಗಬಹುದು. ಗುಡ್ಡದ ಸಂದಿಯಲ್ಲಿ ಮಲಪ್ರಭೆ ಹರಿಯೋ ಜಾಗದಲ್ಲಿ ಅಣೆಕಟ್ಟು ಕಟ್ಟಿದ್ದಾರೆ.

ಖಾನಾಪುರದಿಂದ

ಕಾಡಿಗೆ ಜಾಂಬೋಟಿ ದಾರಿ ಹಿಡಿದು ಕಣಕುಂಬಿವರೆಗೆ ಹೋಗಿ. ಮಲಪ್ರಭೆ ಹುಟ್ಟೋದು ಅಲ್ಲೇ, ಮಾವುಲಿ ದೇವಿಯ ಗುಡಿಯ ಹತ್ತಿರ. ಸವದತ್ತಿಯಲ್ಲಿ ಅಷ್ಟು ದೊಡ್ಡ ನೀರು ನೋಡಿದ ಮಕ್ಕಳಿಗೆ ಇಲ್ಲಿನ ಮೂಲ ನೋಡಿದರೆ ಆಶ್ಚರ್ಯ ಆಗುತ್ತೆ. ರಸ್ತೆ ಉದ್ದಕ್ಕೂ ನೆರಳು. ಭೀಮಗಡ ಅಭಯಾರಣ್ಯದ ಒಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಈ ದಿನಗಳಲ್ಲಿ ತರಗೆಲೆ ಗರಿಗರಿ ಒಣಗಿರುತ್ತೆ, ಒಂದು ಬೀಡಿಯ ಕಿಡಿ ಸಾಕು. ಒಲೆ ಹೂಡಿ ಅಡುಗೆ ಮಾಡೋ ಯೋಚನೆ ಬೇಡ, ಬುತ್ತಿ ಕಟ್ಟಿಕೊಂಡು ಹೋಗಿ.

ಏಪ್ರಿಲ್ ಎರಡನೇ ವಾರದಿಂದ ದಾರಿ ಪಕ್ಕದಲ್ಲಿ ಹೆಣ್ಣುಮಕ್ಕಳು ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರ್ತಾ ಕೂತಿರುತ್ತಾರೆ. ಚೌಕಾಸಿ ಮಾಡಬೇಡಿ, ಮುಳ್ಳುಪೊದೆಯೊಳಗೆ ಕೈಹಾಕಿ ಒಂದೊಂದೇ ಕಿತ್ತು ತಂದಿರುತ್ತಾರೆ. ಪೂರ್ತಿ ಕಪ್ಪಾಗಿ ಮೆತ್ತಗಿರೋದನ್ನೇ ಆರಿಸಿ. ಕೆಂಪಗಿದ್ದರೆ ಹುಳಿ, ತೊಟ್ಟಿನ ಹಾಲು ತುಟಿಗೆ ಅಂಟುತ್ತೆ. ಸ್ವಂತ ಗಾಡಿ ಇಲ್ಲದಿದ್ದರೆ ಬೆಳಗಾವಿಯಿಂದ ಜಾಂಬೋಟಿ ಕಡೆ ಬಸ್ಸಿದೆ. ವಾಪಸ್ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.