ಪೀಟರ್ ಗೇಬ್ರಿಯಲ್ ಮೊದಲ ಸೋಲೋ ಆಲ್ಬಮ್ (1977): ಒಬ್ಬನೇ ಹಾಡಿದ್ದಾ, ಒಂಬತ್ತು ಜನ ಹಾಡಿದ್ದಾ?

ಸುಮ್ನೆಕೇಳೋನು:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳ್ಲೇಬೇಕು ಅನ್ನಿಸ್ತು. ನಾನು ಜೆನೆಸಿಸ್ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡಿನ ಹುಚ್ಚ, ಅದೂ ಪೀಟರ್ ಗೇಬ್ರಿಯಲ್ ಹಾಡ್ತಿದ್ದಾಗಿನ ಜೆನೆಸಿಸ್. ನಮ್ಮ ಸೋದರಮಾವ ಕಾಲೇಜಲ್ಲಿದ್ದಾಗ ಯಾರ ಹತ್ರಾನೋ ಕಾಪಿ ಮಾಡಿಸ್ಕೊಂಡಿದ್ದ ಕ್ಯಾಸೆಟ್ಟು, ಒಂದು ಸೈಡಲ್ಲಿ ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್, ಇನ್ನೊಂದು ಸೈಡಲ್ಲಿ ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ, ಅದೂ ಎಷ್ಟು ಹಿಡಿಸುತ್ತೋ ಅಷ್ಟು, ಮಧ್ಯದಲ್ಲೇ ಟೇಪ್ ಮುಗಿದು ಕಟ್. ಆ ಕಟ್ ಆದ ಜಾಗ ಇವತ್ತಿಗೂ ನನಗೆ ಹಾಡಿನ ಒಂದು ಭಾಗ ಇದ್ದಂಗೆ.

ವಿಷಯಕ್ಕೆ ಬರ್ತೀನಿ. ಗೇಬ್ರಿಯಲ್ ಬ್ಯಾಂಡ್ ಬಿಟ್ಟ ಮೇಲೆ ಮಾಡಿದ ಮೊದಲ ಆಲ್ಬಮ್ ಹೋದ ವಾರ ಪೂರ್ತಿ ಕೇಳ್ದೆ. ಸಾಲ್ಸ್‌ಬರಿ ಹಿಲ್ ಹಾಡಿಗೆ ಬಿದ್ದೇ ಹೋದೆ, ಕಮ್ಮಿ ಅಂದ್ರೂ ನಲವತ್ತು ಸಲ ಹಾಕಿರ್ಬೇಕು. ಆದ್ರೆ ಉಳಿದದ್ದು ಏನ್ರೀ ಅದು? ಒಂದು ಹಾಡು ನಾಟಕದ ಥರ, ಮುಂದಿನದು ಹಾರ್ಡ್ ರಾಕ್, ಆಮೇಲೆ ನಾಲ್ಕು ಜನ ಮೀಸೆ ತಿರುವ್ಕೊಂಡು ಹಾಡೋ ಥರ ಒಂದು ತಮಾಷೆ ಹಾಡು, ಆಮೇಲೆ ಏಳು ನಿಮಿಷದ ಬ್ಲೂಸ್, ಅದು ಮುಗೀತು ಅಂದ್ರೆ ಪೂರ್ತಿ ಆರ್ಕೆಸ್ಟ್ರಾ. ಮದುವೆ ಮನೆ ಎಲೆಯಲ್ಲಿ ಬಡಿಸಿದಂಗೆ ಎಲ್ಲಾ ಒಂದೊಂದು ಚಮಚ. ನಾನೇ ಸರಿಯಾಗಿ ಕೇಳ್ತಿಲ್ವಾ, ಇಲ್ಲಾ ಆಲ್ಬಮ್ಮೇ ಹಂಗಾ?

ಇನ್ನೆರಡು ಪ್ರಶ್ನೆ ಇದೆ. ಸಾಲ್ಸ್‌ಬರಿ ಹಿಲ್ ಗಿಟಾರಲ್ಲಿ ಕಲಿಯೋಕೆ ಕೂತ್ರೆ ಪ್ರತಿ ಸಲಾನೂ ಒಂದು ಬೀಟ್ ಎಲ್ಲೋ ಕಳೆದು ಹೋಗುತ್ತೆ, ಅದನ್ನ ಹೆಂಗೆ ಎಣಿಸೋದು? ಮತ್ತೆ ಮುಂದೆ ಯಾವುದು ಕೇಳ್ಲಿ ಅಂತ ಹುಡುಕಿದ್ರೆ ನಾಲ್ಕು ಆಲ್ಬಮ್ಮಿಗೂ ಪೀಟರ್ ಗೇಬ್ರಿಯಲ್ ಅಂತಾನೇ ಹೆಸರು ತೋರಿಸ್ತಿದೆ, ಇದು ಆಪಲ್ಲಿರೋ ತಪ್ಪಾ?

ಹಳೇಕ್ಯಾಸೆಟ್:

ಆಪ್ ತಪ್ಪಲ್ಲ ಮಾರಾಯ, ಆ ಮನುಷ್ಯನೇ ಹಂಗೆ. ಅದಕ್ಕೆ ಆಮೇಲೆ ಬರೋಣ.

ನೀನು ಕೇಳ್ತಿರೋದು ಸರಿಯಾಗೇ ಇದೆ, ಆಲ್ಬಮ್ ನಿಜವಾಗ್ಲೂ ಚೆಲ್ಲಾಪಿಲ್ಲಿ. ಆದ್ರೆ ಅವನು ಯಾವ ಸ್ಥಿತಿಯಲ್ಲಿ ಮಾಡಿದ ಅಂತ ನೋಡು. ಜೆನೆಸಿಸ್ ಶುರುವಾಗಿದ್ದು 1967ರಲ್ಲಿ, ಚಾರ್ಟರ್‌ಹೌಸ್ ಅನ್ನೋ ಬೋರ್ಡಿಂಗ್ ಸ್ಕೂಲ್ ಹುಡುಗರು ಸೇರ್ಕೊಂಡು. ಇವನು ನರಿ ತಲೆ ಹಾಕ್ಕೊಂಡು, ಹೂವಿನ ವೇಷ ಹಾಕ್ಕೊಂಡು ಸ್ಟೇಜ್ ಮೇಲೆ ಬಂದ ಮೇಲೆ ಪೇಪರ್‌ನವರಿಗೆ ಇವನೊಬ್ಬನೇ ಕಾಣೋದು, ಟೋನಿ ಬ್ಯಾಂಕ್ಸ್, ಮೈಕ್ ರುದರ್‌ಫರ್ಡ್ ಎಲ್ಲಾ ಹಿಂದೆ ಕೂತ್ಕೊಂಡು ನುಡಿಸ್ತಿದ್ರೂ ಇಲ್ಲದಂಗೆ. ಲ್ಯಾಂಬ್ ಆಲ್ಬಮ್ ಬರೋ ಹೊತ್ತಿಗೆ ಕಥೆ, ಸಾಹಿತ್ಯ ಹೆಚ್ಚುಕಮ್ಮಿ ಪೂರ್ತಿ ಇವನದು, ಸಂಗೀತ ಉಳಿದವರದು, ಅಲ್ಲೇ ಬಿರುಕು. ಅದರ ಮಧ್ಯ 1974ರಲ್ಲಿ ಮೊದಲ ಮಗಳು ಹುಟ್ಟಿದ್ಲು, ಹೆರಿಗೆ ಕಷ್ಟ ಆಗಿ ಮಗು ಇನ್‌ಕ್ಯುಬೇಟರ್‌ನಲ್ಲಿತ್ತು, ಇವನು ಒಂದು ಕಾಲು ಆಸ್ಪತ್ರೇಲಿ ಒಂದು ಕಾಲು ಸ್ಟುಡಿಯೋದಲ್ಲಿ. ಬ್ಯಾಂಡ್‌ನವರಿಗೆ ಅದು ಆಗ ಅರ್ಥ ಆಗ್ಲಿಲ್ಲ, ಎಲ್ಲಾ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗರು. ಲ್ಯಾಂಬ್ ಟೂರ್ ನಡೀತಿರುವಾಗ್ಲೇ ಬಿಡ್ತೀನಿ ಅಂತ ಹೇಳಿದ್ದ, ಆದ್ರೂ ಟೂರ್ ಮುಗಿಯೋವರೆಗೂ ಹಾಡ್ದ, ಹೊರಗಿನವರಿಗೆ ಗೊತ್ತಾಗಿದ್ದು 1975ರ ಆಗಸ್ಟಲ್ಲಿ. ಆಮೇಲೆ ಬಾತ್ ಊರಿನ ಹತ್ರ ಮನೇಲಿ ಹೆಂಡತಿ ಮಗು ನೋಡ್ಕೊಂಡು, ತರಕಾರಿ ಬೆಳೆಸ್ಕೊಂಡು ಇದ್ದ.

ಅಷ್ಟರಲ್ಲಿ ಇಲ್ಲಿ ಏನಾಯ್ತು? ಬ್ಯಾಂಡ್ ಹೊಸ ಹಾಡುಗಾರನಿಗೆ ಹುಡುಕಿ ಹುಡುಕಿ ಸಾಕಾಗಿ ಡ್ರಮ್ಸ್ ಬಾರಿಸ್ತಿದ್ದ ಫಿಲ್ ಕಾಲಿನ್ಸ್‌ನ್ನೇ ಮುಂದೆ ನಿಲ್ಲಿಸ್ತು, 1976ರಲ್ಲಿ ಎ ಟ್ರಿಕ್ ಆಫ್ ದ ಟೇಲ್ ಬಂತು, ಚೆನ್ನಾಗೇ ಹೋಯ್ತು. ಅಂದ್ರೆ ಇವನಿಲ್ದೇನೂ ಗಾಡಿ ಓಡ್ತು. ಈಗ ಇವನ ಜಾಗದಲ್ಲಿ ನಿಂತು ನೋಡು. ಜೆನೆಸಿಸ್ ಥರಾನೇ ಮಾಡಿದ್ರೆ ಯಾಕಪ್ಪಾ ಬಿಟ್ಟೆ ಅಂತಾರೆ, ಹಂಗಾಗಿ ಜೆನೆಸಿಸ್ ಅಲ್ಲದ್ದು ಏನೇನಿದೆಯೋ ಎಲ್ಲಾ ಒಂದೇ ಸಲ ಟ್ರೈ ಮಾಡ್ಬಿಟ್ಟ. ವೇಷ ಕಳಚಿದವನು ಬಟ್ಟೆ ಅಂಗಡೀಲಿ ಟ್ರಯಲ್ ರೂಮಿಗೆ ಹತ್ತು ಶರ್ಟ್ ತಗೊಂಡು ಹೋದಂಗೆ.

ಪ್ರೊಡ್ಯೂಸರ್ ಬಾಬ್ ಎಜ್ರಿನ್, ಆಲಿಸ್ ಕೂಪರ್ ಆಲ್ಬಮ್‌ಗಳು, ಲೂ ರೀಡ್‌ನ ಬರ್ಲಿನ್, ಕಿಸ್ ಬ್ಯಾಂಡಿನ ಡೆಸ್ಟ್ರಾಯರ್ ಎಲ್ಲಾ ಮಾಡಿದ್ದವನು. ರೆಕಾರ್ಡಿಂಗ್ ಕೆನಡಾದ ಟೊರೊಂಟೋದಲ್ಲಿ. ಸ್ಟೀವ್ ಹಂಟರ್, ಡಿಕ್ ವ್ಯಾಗ್ನರ್ ಅಂತ ಅಮೆರಿಕದ ಗಿಟಾರಿಸ್ಟ್‌ಗಳು, ಜೊತೆಗೆ ಇಂಗ್ಲೆಂಡಿಂದ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಗಿಟಾರಿಸ್ಟ್ ರಾಬರ್ಟ್ ಫ್ರಿಪ್. ಎರಡು ಬೇರೆ ಬೇರೆ ಮನೆ ಅಡುಗೆಯವರು ಒಂದೇ ಒಲೆ ಮುಂದೆ. ನಿನಗೆ ಮಾಡರ್ನ್ ಲವ್ ಕೇಳಿದಾಗ ಅಮೆರಿಕನ್ ಹಾರ್ಡ್ ರಾಕ್ ಅನ್ನಿಸಿದ್ದು ಅದಕ್ಕೇ. ಆ ಮೀಸೆ ಹಾಡು ಎಕ್ಸ್‌ಕ್ಯೂಸ್ ಮಿ, ಅದರಲ್ಲಿ ಆ ನಾಲ್ವರ ಗುಂಪು ನಡೆಸಿದ್ದು ಬಾಸ್ ನುಡಿಸೋ ಟೋನಿ ಲೆವಿನ್, ಟೂಬಾ ಊದಿದ್ದೂ ಅವನೇ. ಆರ್ಕೆಸ್ಟ್ರಾ ಅಂದ್ಯಲ್ಲ, ಅದು ಲಂಡನ್ ಸಿಂಫನಿ.

ಫ್ರಿಪ್ ಮತ್ತೆ ಲೆವಿನ್ ಜೊತೆಯಾಗಿದ್ದು ಈ ಆಲ್ಬಮ್ಮಿಂದಾನೇ, 1981ರಲ್ಲಿ ಕಿಂಗ್ ಕ್ರಿಮ್ಸನ್ ಮತ್ತೆ ಎದ್ದಾಗ ಬಾಸ್ ಲೆವಿನ್ನದು. ಆ ಒಂದು ಕಾರಣಕ್ಕೇ ನಾನು ಈ ಆಲ್ಬಮ್ಮಿನ ಎಲ್ಲಾ ತಪ್ಪು ಮಾಫಿ ಮಾಡಿದೀನಿ.

ಧಾರವಾಡ_ತಬಲಾ:

ಎಣಿಸೂದು ನಾ ಹೇಳ್ತೀನ್ರಿ. ಅದು 7 ಮಾತ್ರಿ, ಅಂದ್ರ ಏಳು ಬಡಿತ. ನಮಗ ಏಳು ಅಂದ್ರ ಕೂಡ್ಲೇ ಹಿಂದೂಸ್ತಾನಿ ರೂಪಕ್ ತಾಳ ನೆನಪಾಗ್ತದ, ತಿನ್ ತಿನ್ ನಾ ಧಿನ್ ನಾ ಧಿನ್ ನಾ, 3+2+2. ನಾನೂ ಮೊದಲ ಸಲ ಕೇಳಿದಾಗ ರೂಪಕ್ ಠೇಕಾ ಹಚ್ಚಿ ನೋಡಿದ್ಯಾ, ಕೂಡಂಗಿಲ್ರಿ, ಒಂಥರಾ ಜಗ್ಗಾಡಿದಂಗ ಆಗ್ತದ. ಯಾಕಂದ್ರ ರೂಪಕ್‌ದಾಗ ತೂಕ ಒಂದೊಂದು ಕಡೆ ಬೀಳ್ತದ, ಈ ಹಾಡಿನ್ಯಾಗ ಕೆಳಗ ಒಂದೇ ಸಮ ಬಡಿತ ನಡದಿರ್ತದ, ಏಳಕ್ಕ ಏಳೂ ಒಂದೇ ತೂಕ. ಅದಕ್ಕ ಹಾಡು ಕೇಳೂ ಮಂದಿಗೆ ಇದು ಏಳು ಅಂತ ತಿಳಿಯೂದೇ ಇಲ್ಲ, ಆರಾಮ ತಲಿ ಹಾಕ್ತಿರ್ತಾರ.

ನೀವು ಹಿಂಗ ಮಾಡ್ರಿ. ಗಿಟಾರ್ ಕೆಳಗಿಡ್ರಿ, ಹಾಡು ಹಚ್ಚಿ ಮನಿಯೊಳಗ ನಡೀರಿ. ಒಂದು ಬಡಿತಕ್ಕ ಒಂದು ಹೆಜ್ಜಿ. ಏಳು ಬೆಸ ಅಲ್ರಿ, ಮೊದಲ ಆವರ್ತ ಎಡಗಾಲಿನಿಂದ ಸುರು ಆದ್ರ ಎರಡನೇದು ಬಲಗಾಲಿನಿಂದ ಸುರು ಆಗ್ತದ, ಮೂರನೇದು ಮತ್ತ ಎಡ. ಕಾಲು ಬದಲಾಗೂದು ಮೈಗೆ ಗೊತ್ತಾದ್ರ ಆತು, ಕೈ ತಾನ ಬರ್ತದ. ಗುಡ್ಡ ಹತ್ತೂ ಹಾಡು, ನಡಕೋತನ ಕಲೀರಿ.

ಇನ್ನೊಂದು, ನಿಮ್ಮ ಬೀಟ್ ಕಳಿಯೂದು ಬಹುಶಃ ಕೋರಸ್ ಮುಗಿಯೂ ಜಾಗಾದಾಗ. ಅಲ್ಲಿ ಕಡೀ ಎರಡು ಆವರ್ತ ಏಳು ಬಡಿತದ್ದಲ್ಲ, ನಾಲ್ಕು ನಾಲ್ಕು ಬಡಿತದ್ದು. ಅಲ್ಲೀತನಕಾ ಅವಸರ ಮಾಡಿ ಒಂದು ಹೆಜ್ಜಿ ಕಮ್ಮಿ ಇಡ್ತಿದ್ದಾವ ಅಲ್ಲಿ ಬಂದು ನಿಂತು ಉಸಿರು ಬಿಟ್ಟಂಗ. ಆಮ್ಯಾಲ ಮತ್ತ ಏಳಕ್ಕ ಹೋಗ್ತಾನ.

ರಾಗಿಮುದ್ದೆ77:

ಧಾರವಾಡದ ಸರ್ ರೂಪಕ್ ಅಂದ್ರೆ ನಮ್ಮ ಮೈಸೂರು ಕಡೆಯವರು ಕನ್ಫ್ಯೂಸ್ ಆಗ್ತಾರೆ ಸ್ವಾಮಿ 😄 ನಮ್ಮ ಕರ್ನಾಟಕ ಸಂಗೀತದ ರೂಪಕ ಆರು. ನಮಗೆ ಏಳು ಅಂದ್ರೆ ಮಿಶ್ರ ಛಾಪು, ತಕಿಟ ತಕಧಿಮಿ. ಇಲ್ಲಾ ಚಿಕ್ಕ ವಯಸ್ಸಲ್ಲಿ ಟೀಚರ್ ತೊಡೆ ತಟ್ಟಿಸಿ ಹೇಳಿಸ್ತಿದ್ದ ತ್ರಿಪುಟ ಅಲಂಕಾರ, ಸರಿಗ ಸರಿ ಗಮ. ಪ್ರಶ್ನೆ ಕೇಳಿದವರು ಎರಡರಲ್ಲಿ ಯಾವ ಕಡೆಯವರೋ ಅದನ್ನ ಹಿಡ್ಕೊಳ್ಳಿ, ಆದ್ರೆ ನಡೆಯೋ ಐಡಿಯಾನೇ ಬೆಸ್ಟು, ಒಪ್ಪಿದೆ.

ಅಂದಹಾಗೆ ಆ ಗುಡ್ಡ ನಿಜವಾಗ್ಲೂ ಇದೆ, ಇಂಗ್ಲೆಂಡಲ್ಲಿ ಬಾತ್ ಪಕ್ಕದಲ್ಲೇ, ಕಬ್ಬಿಣ ಯುಗದ ಕೋಟೆ ಇದ್ದ ಜಾಗ. ದೊಡ್ಡ ಬೆಟ್ಟ ಏನಲ್ಲ, ಮೇಲೆ ಚಪ್ಪಟೆ, ಹುಲ್ಲು. ನಮ್ಮ ಚಾಮುಂಡಿ ಬೆಟ್ಟದ ಮುಂದೆ ಮಗು.

ನಿದ್ದೆಗೆಟ್ಟವಳು:

ಹಳೇಕ್ಯಾಸೆಟ್ ಅವರೇ, ಮಾಫಿ ಮಾಡೋದೆಲ್ಲಾ ಸರಿ, ಆದ್ರೆ ಹಿಯರ್ ಕಮ್ಸ್ ದ ಫ್ಲಡ್ ಹಾಡಿಗೆ ಮಾಡಿದ ಅನ್ಯಾಯಕ್ಕೆ ಮಾಫಿ ಇಲ್ಲ. ಯಾರೂ ಅದರ ಬಗ್ಗೆ ಮಾತೇ ಆಡ್ಲಿಲ್ಲ ಅಂತ ನಾನು ಬಂದೆ. ಕೊನೆ ಹಾಡು, ಇಡೀ ಆಲ್ಬಮ್ಮಲ್ಲಿ ಬರವಣಿಗೆ ಲೆಕ್ಕಕ್ಕೆ ಅದೇ ದೊಡ್ಡದು, ನನ್ನ ಲೆಕ್ಕದಲ್ಲಿ ಸಾಲ್ಸ್‌ಬರಿ ಹಿಲ್‌ಗಿಂತಾನೂ. ಶುರು ಎಷ್ಟು ಮೆತ್ತಗೆ ಬರುತ್ತೆ, ಕೋರಸ್ಸಿಗೆ ಬಂದ ತಕ್ಷಣ ಎಜ್ರಿನ್ ಡ್ರಮ್ಸು ಗಿಟಾರು ಎಲ್ಲಾ ಲಾರಿ ಲೋಡ್ ಥರ ಸುರಿದು ಹಾಡನ್ನ ಮುಳುಗಿಸಿಬಿಡ್ತಾನೆ. ಪ್ರವಾಹದ ಹಾಡು ಅಂತ ಪ್ರವಾಹಾನೇ ತರ್ಬೇಕಾ?

ಆ ಹಾಡು ಹುಟ್ಟಿದ್ದು ಹೆಂಗೆ ಗೊತ್ತಾ, ಶಾರ್ಟ್‌ವೇವ್ ರೇಡಿಯೋದಿಂದ. ಕತ್ತಲಾಗ್ತಾ ಆಗ್ತಾ ದೂರದ ಸ್ಟೇಷನ್‌ಗಳು ಜೋರಾಗಿ ಸಿಗ್ತಾವಲ್ಲ, ಅದರ ಗುಂಗಲ್ಲಿದ್ದ ಗೇಬ್ರಿಯಲ್. ಹಂಗೇ ಒಂದು ದಿನ ಒಬ್ಬರ ಮನಸ್ಸಲ್ಲಿರೋದು ಇನ್ನೊಬ್ಬರಿಗೆ ನೇರವಾಗಿ ಕೇಳಿಸೋಕೆ ಶುರುವಾದ್ರೆ, ಒಳಗೊಂದು ಹೊರಗೊಂದು ಇಟ್ಕೊಂಡವರೆಲ್ಲಾ ಮುಳುಗಿಹೋಗ್ತಾರೆ, ಬಿಚ್ಚು ಮನಸ್ಸಿನವರು ತೇಲ್ತಾರೆ ಅಂತ. ನಮ್ಮ ತಾತನ ಮನೇಲಿ ದೊಡ್ಡ ವಾಲ್ವ್ ರೇಡಿಯೋ ಇತ್ತು, ಹಗಲೆಲ್ಲಾ ಬರೀ ಗೊರಗೊರ ಅನ್ನೋದು, ರಾತ್ರಿ ಊಟ ಆದ್ಮೇಲೆ ತಾತ ಮುಳ್ಳು ತಿರುಗಿಸಿದ್ರೆ ಯಾವ್ಯಾವುದೋ ಭಾಷೆ, ಯಾರೋ ಎದುರಿಗೆ ಕೂತು ಮಾತಾಡ್ದಂಗೆ. ಹೆಂಗಪ್ಪಾ ಅಂತ ಕೇಳಿದ್ರೆ ತಾತ ಆಕಾಶ ಖಾಲಿ ಇರುತ್ತೆ ಕಣೇ ರಾತ್ರಿ ಅಂತಿದ್ರು. ಅಯಾನುಗೋಳ ಅದೂ ಇದೂ ಅಂತ ಆಮೇಲೆ ಓದಿದೀನಿ, ಆದ್ರೆ ಆ ಹಾಡು ಕೇಳುವಾಗ ನೆನಪಾಗೋದು ತಾತನ ಉತ್ತರಾನೇ.

ಅವನಿಗೇ ಆ ರೆಕಾರ್ಡಿಂಗ್ ಸಮಾಧಾನ ಆಗಿರ್ಲಿಲ್ಲ. ಫ್ರಿಪ್ 1979ರಲ್ಲಿ ತಂದ ಎಕ್ಸ್‌ಪೋಷರ್ ಆಲ್ಬಮ್ಮಲ್ಲಿ ಇದೇ ಹಾಡನ್ನ ಗೇಬ್ರಿಯಲ್ ಪಿಯಾನೋ ನುಡಿಸ್ಕೊಂಡು ಹಾಡಿದಾನೆ, ಹಿಂದೆ ಫ್ರಿಪ್ ಗಿಟಾರ್ ಮಂಜಿನ ಥರ. ಆಮೇಲೆ 1990ರಲ್ಲಿ ಶೇಕಿಂಗ್ ದ ಟ್ರೀ ಅಂತ ಹಿಟ್ಸ್ ಕಲೆಕ್ಷನ್ ತಂದಾಗ ಹಳೇದನ್ನ ಹಾಕ್ಲೇ ಇಲ್ಲ, ಬರೀ ಪಿಯಾನೋ ಇಟ್ಕೊಂಡು ಹೊಸದಾಗಿ ಹಾಡಿದ. ಮೂರನ್ನೂ ಒಂದರ ಹಿಂದೆ ಒಂದು ಕೇಳಿ, ರಾತ್ರಿ, ಲೈಟ್ ಆಫ್ ಮಾಡ್ಕೊಂಡು. ಆಮೇಲೆ ಬಂದು ನನ್ನ ಜೊತೆ ಜಗಳ ಆಡಿ.

ಹಳೇಕ್ಯಾಸೆಟ್:

ಮೇಡಂ, ಎಕ್ಸ್‌ಪೋಷರ್ ವಿಷಯದಲ್ಲಿ ಜಗಳಾನೇ ಇಲ್ಲ, ಶರಣಾಗತಿ. ಆದ್ರೂ ಮೊದಲನೇದರ ಆ ಗಿಟಾರ್ ಸೋಲೋ ಬಿಟ್ಕೊಡಲ್ಲ ನಾನು.

ಇನ್ನು ಹೆಸರಿನ ಕಥೆ. ಮೊದಲ ನಾಲ್ಕೂ ಆಲ್ಬಮ್ಮಿಗೆ ಬೇಕಂತಾನೇ ಬರೀ ಪೀಟರ್ ಗೇಬ್ರಿಯಲ್ ಅಂತ ಇಟ್ಟ, ಮ್ಯಾಗಝೀನ್ ಪ್ರತಿ ಸಂಚಿಕೆಗೂ ಒಂದೇ ಹೆಸರು ಇರಲ್ವಾ, ಹಂಗೆ. ಜನ ಕವರ್ ನೋಡಿ ಅಡ್ಡಹೆಸರಿಟ್ಟು ಗುರುತು ಹಿಡೀತಾರೆ. ಮೊದಲನೇದು ಕಾರ್, ಮಳೆ ಹನಿ ತುಂಬಿರೋ ನೀಲಿ ಕಾರೊಳಗೆ ಕೂತಿದಾನಲ್ಲ, ಹಿಪ್ನಾಸಿಸ್ ಅನ್ನೋ ಕವರ್ ಡಿಸೈನ್ ತಂಡದವರ ಕೆಲಸ, ಪಿಂಕ್ ಫ್ಲಾಯ್ಡ್ ಕವರ್ ಮಾಡಿದವರೇ. ಕಾರು ಅದೇ ತಂಡದ ಸ್ಟಾರ್ಮ್ ಥಾರ್ಗರ್‌ಸನ್‌ದು, ಲ್ಯಾನ್ಸಿಯಾ ಫ್ಲೇವಿಯಾ. 1978ರದ್ದು ಸ್ಕ್ರ್ಯಾಚ್, ಫ್ರಿಪ್ ಪ್ರೊಡ್ಯೂಸ್ ಮಾಡಿದ್ದು, ಒಣಕಲು, ಅವಸರ ಬೇಡ. 1980ರದ್ದು ಮೆಲ್ಟ್, ಮುಖ ಕರಗ್ತಿರೋದು. 1982ರದ್ದಕ್ಕೆ ಮಾತ್ರ ಅಮೆರಿಕದ ಕಂಪನಿಯವರು ಸಾಕಾಗಿ ಸೆಕ್ಯುರಿಟಿ ಅಂತ ಸ್ಟಿಕರ್ ಅಂಟಿಸಿದ್ರು.

ನೀನು ಸೀದಾ ಮೆಲ್ಟ್‌ಗೆ ಹಾರು. ಡ್ರಮ್ಮರ್‌ಗಳಿಗೆ ಸಿಂಬಲ್ (ಡ್ರಮ್ಸ್ ಜೊತೆ ಇರೋ ಲೋಹದ ತಟ್ಟೆ) ಮುಟ್ಟಬಾರದು ಅಂತ ಹೇಳಿ ಮಾಡಿಸಿದ ಆಲ್ಬಮ್ ಅದು. ಇಂಟ್ರೂಡರ್ ಹಾಡಲ್ಲಿ ಡ್ರಮ್ಸ್ ಯಾರು? ಫಿಲ್ ಕಾಲಿನ್ಸ್! ಇವನ ಕುರ್ಚಿಗೆ ಬಂದವನನ್ನೇ ಕರೆಸಿ ಬಾರಿಸಿದ. ಆ ಪೆಟ್ಟು ಬಿದ್ದು ತಟ್ಟಂತ ಕತ್ತರಿಸಿಹೋಗೋ ಸದ್ದು ಮರುವರ್ಷ ಕಾಲಿನ್ಸ್ ತನ್ನ ಸ್ವಂತ ಆಲ್ಬಮ್ಮಿನ ಇನ್ ದ ಏರ್ ಟುನೈಟ್‌ಗೆ ತಗೊಂಡು ಹೋದ, ಆಮೇಲೆ ಎಂಬತ್ತರ ದಶಕ ಪೂರ್ತಿ ಅದೇ ಸದ್ದು. ಕೊನೇಲಿ ಬೀಕೋ ಹಾಡು, ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬೀಕೋ ಪೊಲೀಸ್ ಕಸ್ಟಡಿಯಲ್ಲಿ ಸತ್ತಿದ್ದರ ಮೇಲೆ. ಆ ಆಲ್ಬಮ್ ಕೇಳಿ ಅಮೆರಿಕದ ಕಂಪನಿ ಬೇಡ ಅಂತ ವಾಪಸ್ ಕೊಟ್ಟಿತ್ತು, ಬೇರೆಯವರು ತಂದ್ರು. ಟ್ರಯಲ್ ರೂಮಿಂದ ಆಚೆ ಬಂದಿದ್ದು ಅಲ್ಲಿ.

ರಾಗಿಮುದ್ದೆ77:

ಗೇಬ್ರಿಯಲ್‌ಗೂ ಜೆನೆಸಿಸ್‌ನವರಿಗೂ ಮಧ್ಯ ನಿಜವಾದ ದ್ವೇಷ ಇರ್ಲಿಲ್ಲ ಅನ್ನೋದಕ್ಕೆ ಇನ್ನೊಂದು ಸೇರಿಸ್ತೀನಿ. 1982ರಲ್ಲಿ ವೊಮ್ಯಾಡ್ ಅಂತ ಬೇರೆ ಬೇರೆ ದೇಶದ ಸಂಗೀತದ ಹಬ್ಬ ಮಾಡೋಕೆ ಹೋಗಿ ಗೇಬ್ರಿಯಲ್ ಸಾಲದಲ್ಲಿ ಮುಳುಗಿದ, ಆಗ ಜೆನೆಸಿಸ್‌ನವರು ಮಿಲ್ಟನ್ ಕೀನ್ಸಲ್ಲಿ ಇವನ ಜೊತೆ ಒಂದು ಶೋ ಕೊಟ್ಟು ಸಾಲ ತೀರಿಸೋಕೆ ಹೆಗಲು ಕೊಟ್ರು. ಅದೇ ಹಾದಿಯಲ್ಲಿ ಮುಂದೆ ರಿಯಲ್ ವರ್ಲ್ಡ್ ಅನ್ನೋ ಲೇಬಲ್ ಬಂತು, ಅದರಲ್ಲೇ ನಮ್ಮ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರ ರಾಮ ಶ್ರೀರಾಮ ಕೂಡ ಬಂದಿದೆ. ನಾನು ಗೇಬ್ರಿಯಲ್ ಹೆಸರು ಮೊದಲು ಓದಿದ್ದೇ ಆ ದಾರೀಲಿ, ಉಲ್ಟಾ ಕಡೆಯಿಂದ.

ಸುಮ್ನೆಕೇಳೋನು:

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮೇಡಂ ಹೇಳ್ದಂಗೆ ಮೂರು ಫ್ಲಡ್ಡೂ ಕೇಳ್ದೆ. ನನಗೆ 1990ರದ್ದೇ, ಕ್ಷಮಿಸಿ, ಎಕ್ಸ್‌ಪೋಷರ್ ಅಲ್ಲ, ಜಗಳಕ್ಕೆ ರೆಡಿ.

ಧಾರವಾಡದ ಸರ್, ನಮ್ಮ ಮನೆ ಹಾಲ್ ಆರೇ ಹೆಜ್ಜೆ, ಏಳನೇದಕ್ಕೆ ಗೋಡೆ. ಅದಕ್ಕೆ ಟೆರೇಸ್ ಮೇಲೆ ಹೋಗಿ ನಡೆದೆ, ಮೂರನೇ ಸಲಕ್ಕೆ ಕಾಲು ಬದಲಾಗೋದು ಗೊತ್ತಾಯ್ತು, ಕೋರಸ್ ಕೊನೇಲಿ ನೀವು ಹೇಳಿದ ಜಾಗದಲ್ಲೇ ಎಡವಿ ಒಣಗಾಕಿದ್ದ ಹಪ್ಪಳದ ಮೇಲೆ ಕಾಲಿಟ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ.