ಸಮಸ್ಯೆ: ಕಡಲಿಲ್ಲದ ನೆಲದೊಳಲ್ತೆ ಮುಳುಗಿತು ಹಡಗುಂ

ಲಘುಗುರು: ಈ ಸಾಲನ್ನು ಕೊನೆಯದಾಗಿಸಿ ಕಂದಪದ್ಯವನ್ನು ಪೂರೈಸಿ. ಕಳೆದ ಸಲ ಹಡಗೆಂದ ಕೂಡಲೇ ಎಲ್ಲರೂ ದ್ವಾರಕೆಗೆ ಓಡಿದಿರಿ. ಈ ಸಲ ಕೃಷ್ಣನೂ ಬೇಡ, ಸೇತುವೆಯೂ ಬೇಡ. ವಸ್ತು ಇಂಗ್ಲೆಂಡಿನ ಜಮೀನುದಾರ, ಪಾರ್ಲಿಮೆಂಟಿನ ಸದಸ್ಯ ಜಾನ್ ಹ್ಯಾಂಪ್ಡನ್.

ಕಂದಮೂಲ:
ಕೊಡೆನಿಪ್ಪತ್ತೆನೆ ಹ್ಯಾಂಪ್ಡನ್
ಬಿಡದಾ ಹನ್ನೆರಡರೇಳು ನೃಪನಂ ಪೊರೆಯಲ್
ಪಡೆದುಂ ಗೆಲವಂ ಸೋಲ್ತಂ
ಕಡಲಿಲ್ಲದ ನೆಲದೊಳಲ್ತೆ ಮುಳುಗಿತು ಹಡಗುಂ

ನೌಕಾಪಡೆಗೆಂದು ಬಂದರುಗಳ ಮೇಲಿದ್ದ ‘ಹಡಗಿನ ಹಣ’ವೆಂಬ ತೆರಿಗೆಯನ್ನು ಅರಸ ಮೊದಲನೆಯ ಚಾರ್ಲ್ಸ್ 1635ರಲ್ಲಿ ಒಳನಾಡಿಗೂ ಹೇರಿದ. ಹ್ಯಾಂಪ್ಡನ್ನನ ಜಿಲ್ಲೆ ಬಕಿಂಗ್‌ಹ್ಯಾಮ್‌ಶೈರಿಗೆ ಕಡಲೇ ಇಲ್ಲ. ಸ್ಟೋಕ್ ಮ್ಯಾಂಡೆವಿಲ್‌ನ ಭೂಮಿಯ ಲೆಕ್ಕದಲ್ಲಿ ಹ್ಯಾಂಪ್ಡನ್ನನ ಪಾಲಿಗೆ ಬಂದದ್ದು 20 ಶಿಲಿಂಗ್. ಅಷ್ಟು ಆಸ್ತಿಯವನಿಗೆ ಅದು ಎಲೆಅಡಿಕೆಯ ಖರ್ಚು. ಆದರೂ ಕೊಡಲಿಲ್ಲ. ಮೊಕದ್ದಮೆ ನಡೆದು 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಮಂದಿ ಅರಸನ ಕಡೆಗೆ ವಾಲಿದರು. ‘ಸೋಲ್ತಂ’ ಅರಸನೇ.

ಗಣಗಂಭೀರ: ಮೊದಲ ಸಾಲು ಕುಂಟುತ್ತಿದೆ. ‘ಎನೆ’ಯ ಮುಂದೆ ‘ಹ್ಯಾ’ ಎಂಬ ಒತ್ತಕ್ಷರ ಬಂದು ‘ನೆ’ ಗುರುವಾಯಿತು, ಒಂದು ಮಾತ್ರೆ ಹೆಚ್ಚಾಯಿತು. ನಿಮ್ಮದು ಹಳೆಯ ಚಾಳಿ.

ಕಂದಮೂಲ: ಅದು ಒತ್ತಕ್ಷರವಲ್ಲ ಸ್ವಾಮಿ. ಇಂಗ್ಲಿಷಿನ ಸ್ವರವೊಂದಕ್ಕೆ ನಮ್ಮಲ್ಲಿ ಅಕ್ಷರವಿಲ್ಲದೆ ಯಕಾರವನ್ನು ಸಾಲ ತಂದಿದ್ದೇವೆ. ಎರಡನೆಯ ಸಾಲಿನ ‘ಏಳು ನೃಪನಂ’ ನೋಡಿ. ಅಲ್ಲಿ ‘ಳು’ವನ್ನು ಏಕೆ ಬಿಟ್ಟಿರಿ?

ಗಣಗಂಭೀರ: ‘ನೃ’ದಲ್ಲಿರುವ ಋ ಸ್ವರ. ಇಲ್ಲಿ ಯಕಾರ ಕಣ್ಣಿಗೆ ರಾಚುತ್ತಿದೆ.

ಕಂದಮೂಲ: ಛಂದಸ್ಸು ಕಣ್ಣಿಗೋ ಕಿವಿಗೋ?

ಗಣಗಂಭೀರ: ಕಿವಿಗೇ. ನಮ್ಮೂರಿನವರು ‘ಬ್ಯಾಂಕು’ ಎಂದರೆ ಯಕಾರ ಮೂರು ಮನೆಯಾಚೆಗೂ ಕೇಳಿಸುತ್ತದೆ.

ಒಗ್ಗರಣೆ:
ಬಡಗಿಯೆ ಕಾಣದ ಹಡಗಂ
ನಡುನಾಡೊಳ್ ಚಾರ್ಲಸಂದು ಬರೆದಿರೆ ಬರಿದೇ
ಕೆಡಪಿತು ಸಂಸದ್ವಿಧಿ ತಾಂ
ಕಡಲಿಲ್ಲದ ನೆಲದೊಳಲ್ತೆ ಮುಳುಗಿತು ಹಡಗುಂ

ಲಘುಗುರು: ಭೇಷ್ ಅಮ್ಮಾ. ಹಡಗಿನ ಹಣವನ್ನು ರದ್ದು ಮಾಡಿದ 1641ರ ಪಾರ್ಲಿಮೆಂಟಿನ ಕಾಯ್ದೆಯೂ ಕೂತಿತು.

ಗಣಗಂಭೀರ: ಸರಿಯಿದೆ. ಕಂದಮೂಲರೇ, ಉತ್ತರ ಬರಲಿಲ್ಲ.

ಸಾಂಗತ್ಯ: ನಡುವೆ ಬಾಯಿ ಹಾಕುತ್ತೇನೆ. 1643ರ ಜೂನ್ 18ರಂದು ಚಾಲ್‌ಗ್ರೋವ್ ಬಯಲಿನಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ನಡೆದ ಕಾದಾಟ ಮುಗಿಯುವ ಮೊದಲೇ ಹ್ಯಾಂಪ್ಡನ್ ತಲೆ ಜೋಲಿಸಿ, ಕೈಗಳನ್ನು ಕುದುರೆಯ ಕುತ್ತಿಗೆಗೆ ಊರಿ ಹೊರಟದ್ದನ್ನು ಕಂಡವರಿದ್ದರಂತೆ. ಆರು ದಿನಕ್ಕೆ ಥೇಮ್ ಪಟ್ಟಣದಲ್ಲಿ ತೀರಿಕೊಂಡ. ಶತ್ರುವಿನ ಗುಂಡೋ, ಅವನದೇ ಪಿಸ್ತೂಲು ಸಿಡಿಯಿತೋ ಎಂಬ ಜಗಳ ನಿಲ್ಲದೆ 1828ರಲ್ಲಿ ಗೋರಿಯನ್ನೇ ಅಗೆದು ನೋಡಿದರು. ಜಗಳ ಆಮೇಲೂ ನಿಲ್ಲಲಿಲ್ಲ.

ಒಗ್ಗರಣೆ: ‘ಹ್ಯಾ’ಕ್ಕೂ ಅದೇ ಗತಿ.

ಕಂದಮೂಲ: ಗಂಭೀರರ ನಿದ್ದೆ ಕೆಡುವುದು ಬೇಡ. ‘ಕೊಡೆನಿಪ್ಪತ್ತೆನೆ ಜಾನಂ’ ಎಂದು ತಿದ್ದಿದ್ದೇನೆ.

ಗಣಗಂಭೀರ: ಯಾವ ಜಾನ? ಆ ದೇಶದಲ್ಲಿ ಓಣಿಗೆ ನಾಲ್ವರು ಜಾನರು.

ಕಂದಮೂಲ: ಕೊಡೆನೆಂದವನು.

ಗಣಗಂಭೀರ: ಲಾರ್ಡ್ ಸೇ ಎಂಬ ಶ್ರೀಮಂತ ಕೂಡ ಆ ತೆರಿಗೆಯನ್ನು ಕೊಡೆನೆಂದ. ಅವನ ಹೆಸರು ವಿಲಿಯಂ. ನಿಮ್ಮ ಗಣಕ್ಕೆ ಅದೂ ಸರಿಯಾಗಿಯೇ ಕೂರುತ್ತದೆ.